ಒಂಬತ್ತೋ ಆರೋ

ನಾಗಣಸೂರ ದಾಟಿದ ಮೇಲೆ ಎಡಕ್ಕೊಂದು ಕಲ್ಲು,
ಜಾಲಿಯ ಬುಡಕ್ಕೆ.
ನೆತ್ತಿಗೆ ಹಸಿರು, ಮೈಗೆ ಬಿಳಿ,
ಹೊಟ್ಟೆಯ ಮೇಲೆ ನನ್ನಪ್ಪ ಬರೆದ ಅಂಕಿ.

ಅಪ್ಪ ಗುರುಬಾಳಪ್ಪ, ರಸ್ತೆ ಖಾತೆಯ ಗ್ಯಾಂಗ್‌ಮನ್,
ಕನ್ನಡ ಸಾಲೆಯಲ್ಲಿ ನಾಲ್ಕನೇತ್ತೆ.
ಅಕ್ಕಲಕೋಟೆಯ ಹೆಸರನ್ನು ಸಾಹೇಬರ ಚೀಟಿ ನೋಡಿ
ಮರಾಠಿಯಲ್ಲಿ ಬರೆಯುತ್ತಿದ್ದ.
ಬರೆಯುತ್ತಿದ್ದ ಅಂದೆನೇ, ಅಲ್ಲ, ಚಿತ್ರ ತೆಗೆಯುತ್ತಿದ್ದ:
ಮೊದಲು ಮೇಲಿನ ಗೆರೆ,
ಆಮೇಲೆ ಒಂದೊಂದೇ ಅಕ್ಷರ ಅದಕ್ಕೆ ಜೋತುಬಿಡುವುದು,
ದೋತರ ಒಣಹಾಕಿದ ಹಾಗೆ.

ಅಂಕಿಗೆ ಮಾತ್ರ ಚೀಟಿ ಬೇಡ ಅವನಿಗೆ.
ಎರಡು, ಮೂರು, ನಾಲ್ಕು
ಎರಡೂ ಲಿಪಿಯ ಮನೆಯಲ್ಲಿ ಅಕ್ಕತಂಗಿಯರು,
ಸೊನ್ನೆಯಂತೂ ಇಬ್ಬರಿಗೂ ಒಂದೇ.
ಮೋಸ ಮಾಡಿದ್ದು ಒಂಬತ್ತು.
ನಮ್ಮ ೯ ಅವರ ಕಣ್ಣಿಗೆ ಆರು.
ಬರೆದವನು ಒಂಬತ್ತು ಬರೆದ,
ಓದಿದವರು ಆರು ಓದಿದರು,
ಹನ್ನೊಂದು ವರ್ಷ.

ಹನ್ನೊಂದು ವರ್ಷ ಯಾರೂ ದಾರಿ ತಪ್ಪಲಿಲ್ಲ.
ಬೀಗರ ಚಕ್ಕಡಿ, ಸೈಕಲ್ಲಿನ ಮೇಲೆ ಬುಟ್ಟಿ ಹೇರಿದ ಬಾಗವಾನ,
ಪರೀಕ್ಷೆಗೆ ಹೊರಟ ಹುಡುಗಿಯರು,
"ಇನ್ನ ಆರಽ" ಎಂದು ಉಸಿರು ಹಿಡಿದು
ಒಂಬತ್ತು ನಡೆದರು.
ಈ ಆರು ಯಾಕೆ ಮುಗಿಯವಲ್ದು ಅಂತ ಕಾಲು ಗೊಣಗಿರಬೇಕು,
ತಿರುಗಿ ಬಂದು ಕಲ್ಲನ್ನು ಯಾರೂ ಕೇಳಲಿಲ್ಲ.
ಹೊಸ ಸಾಹೇಬ ಬಂದವನೇ ಅರ್ಧ ದಿನದ ಪಗಾರ ಕಡಿದ.
ಅಪ್ಪ ಕೆರೆದು ಮತ್ತೆ ಬರೆದ.
ಈಗಲೂ ಮಳೆ ಜೋರಾದ ವರ್ಷ ಬಣ್ಣ ತೆಳುವಾಗಿ
ಅವರ ಒಂಬತ್ತಿನ ಒಳಗಿಂದ
ನಮ್ಮ ಒಂಬತ್ತು ಇಣುಕುತ್ತದೆ.

ನಾನು ಬರೆಯುವುದು ಕಾರ್ಡಿನ ಮೇಲೆ.
ಉಪಕೇಂದ್ರದ ನರ್ಸಬಾಯಿ, ನನ್ನ ಪಾಲಿಗೆ ನಾಲ್ಕು ಊರು.
ಮೂರು ತಿಂಗಳಿಗೆ ಕುತ್ತಿಗೆ ನಿಂತಿತೇ,
ಆರಕ್ಕೆ ಕೂತಿತೇ, ಒಂಬತ್ತಕ್ಕೆ ಅಂಬೆಗಾಲು,
ವರ್ಷಕ್ಕೆ ಹೆಜ್ಜೆ.
ಅಂಬವ್ವನ ಮಗ ಸೈಬಣ್ಣ
ಆರಕ್ಕೆ ಕೂರಬೇಕಾದವನು ಒಂಬತ್ತಕ್ಕೆ ಕೂತ.
ಅಪ್ಪನ ಕಲ್ಲು ನೆನಪಾಗಿ ನಕ್ಕುಬಿಟ್ಟೆ,
ಅಂಬವ್ವ ನಗಲಿಲ್ಲ.
ವರ್ಷ ತುಂಬಿತು, ಹೆಜ್ಜೆಯ ಮನೆ ಖಾಲಿ.
ಒಂದೂವರೆ ವರ್ಷ, ಖಾಲಿ.
ಸೊಲ್ಲಾಪುರದ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟೆ.
ಅವಳು ಚೀಟಿ ಮಡಚುತ್ತ ಕೇಳಿದಳು:
"ಬಾಯಿ, ಇಂವ ಈಗ ಎಲ್ಲೀತನ ಬಂದಾನ್ರೀ?"

ಅವಳ ಮಾವ ಭೀಮಶಾ ಬಾವಿ ತೋಡುವವ.
ಕಟ್ಟೆಯ ಮೇಲಿಂದಲೇ ಅಂದ:
"ನಾವು ಮೊಳ ಎಣಸೂದಿಲ್ಲವ್ವ.
ಎರಿ ಮುಗದು ಗರಸು, ಗರಸು ಮುಗದು ಕರಿಕಲ್ಲು.
ಕಲ್ಲು ಬೆವತರ ಬಂತು ಅಂತ ತಿಳಿ.
ಬೆವರದ ಬಾವೀನೂ ಕಂಡೀನಿ.
ಆಗೂ ಸಂಜಿಗೆ ಹಗ್ಗ ಹಿಡದು ಮ್ಯಾಲ ಬರೂದಽ, ಉಣ್ಣೂದಽ."

ದವಾಖಾನೆಗೆ ಜೊತೆಯಲ್ಲಿ ಹೋದಾಗ ದೊಡ್ಡವ್ವನ ಮನೆಯಲ್ಲಿ ಉಳಿದೆವು.
ಚಾದರದ ಕಾರಖಾನೆಯಲ್ಲಿ ಮೂವತ್ತು ವರ್ಷ ಕಂಡಿಕೆ ಸುತ್ತಿದವಳು.
ಮಗ್ಗಕ್ಕೊಂದು ಎಣಿಸುವ ಡಬ್ಬಿ ಇತ್ತಂತೆ.
ನಾಲ್ಕು ಒಂಬತ್ತು ಸಾಲಾಗಿ ನಿಂತ ದಿನ
ಎಲ್ಲರೂ ಡಬ್ಬಿ ಬಿಟ್ಟು ಕಣ್ಣು ಕದಲಿಸುತ್ತಿರಲಿಲ್ಲ,
ಲಾಳಿ ಒಮ್ಮೆ ಆಚೆ ಹೋಗಿ ಬರುವಷ್ಟರಲ್ಲಿ
ನಾಲ್ಕು ಸೊನ್ನೆ.
ಚಿವಡಾ ಹಂಚುತ್ತಿದ್ದರು.
"ಹತ್ತ ಸಾವಿರ ಆತು ಅಂತ ಡಬ್ಬೀಗಿ ಗೊತ್ತಽ ಇಲ್ಲ ನೋಡು,"
ಅನ್ನುತ್ತ ದೊಡ್ಡವ್ವ ಸೈಬಣ್ಣನ ಹಿಮ್ಮಡಿ ಹಿಡಿದು
ಎಣ್ಣೆ ತಿಕ್ಕಿದಳು.

ಎಳ್ಳಮಾಸಿ ಕಳೆದು ಕೆಲವು ದಿನ.
ಅವನಿಗೆ ಎರಡು ವರ್ಷ, ಮೇಲೆ ಎರಡು ತಿಂಗಳು.
ಅಂಬವ್ವ ನೀರಿಗೆ ಹೋಗಿದ್ದಳು.
ಭೀಮಶಾ ಅರ್ಧ ಗಡ್ಡ ಹೆರೆದಿದ್ದ, ಇನ್ನರ್ಧಕ್ಕೆ ಸಾಬೂನು.
ಸೈಬಣ್ಣ ಕಟ್ಟೆ ಬಿಟ್ಟು
ಮೇಕೆಯ ಕಡೆಗೆ ಮೂರು ಹೆಜ್ಜೆ ಹಾಕಿ
ಮೇಕೆಯ ಮೇಲೆಯೇ ಬಿದ್ದ.

ಎರಡು ವರ್ಷ ಎರಡು ತಿಂಗಳಿಗೆ ಕಾರ್ಡಿನಲ್ಲಿ ಮನೆ ಇಲ್ಲ.
ಅಂಚಿನ ಬಿಳಿಯಲ್ಲಿ ಕನ್ನಡದಲ್ಲೇ ಬರೆದೆ:
ನಡೆದ. ತಾರೀಖು ೯.
ತಾಲೂಕಿನ ಸಾಹೇಬರು ಆರು ಎಂದು ಓದಿಯಾರು.
ಓದಲಿ.
ಮೂರು ದಿನ ಮೊದಲೇ ನಡೆದಂತಾಯಿತು
ಹುಡುಗ.